ದಾರ ಕಾಣಬೇಕು

ಮಾರ್ಚ್ ಎರಡನೇ ವಾರ, ಬೆಳಿಗ್ಗೆ 9.10. ಲಾಸ್ ಏಂಜಲೀಸಿನ ಬ್ರಾನ್ಸನ್ ಕಣಿವೆ. ಗಾಳಿಯಿಲ್ಲ. ಮೊನ್ನೆಯ ಮಳೆಗೆ ಗುಡ್ಡ ಹಸಿರಾಗಿದೆ, ಕಾಲ್ದಾರಿಯ ಮಣ್ಣು ಇನ್ನೂ ಮೆತ್ತಗಿದೆ. ಗುಹೆಯ ಬಾಯಿಯ ಎಡಕ್ಕೆ ಎದೆಯೆತ್ತರದ ಬಂಡೆ. ಅದರ ಮೇಲೆ ಒಂದು ಗಂಡು ಓತಿ. ಇಲ್ಲಿನವರು ಇದನ್ನು ವೆಸ್ಟರ್ನ್ ಫೆನ್ಸ್ ಲಿಝರ್ಡ್ ಅನ್ನುತ್ತಾರೆ. ಬಿಸಿಲು ಬಂಡೆಗೆ ತಾಗಿ ಹತ್ತು ನಿಮಿಷವಾದ ಮೇಲೆ ಅದು ಮುಂಗಾಲು ಊರಿ ಎದ್ದಿತು, ಇಳಿಯಿತು, ಮತ್ತೆ ಎದ್ದಿತು, ಗರಡಿಮನೆಯಲ್ಲಿ ದಂಡ ಹೊಡೆಯುವ ಹುಡುಗನ ಹಾಗೆ. ಎದ್ದಾಗಲೆಲ್ಲ ಹೊಟ್ಟೆಯ ಎರಡು ಮಗ್ಗುಲಲ್ಲೂ ನೀಲಿ ಪಟ್ಟೆ ಹೊಳೆದು ಮರೆಯಾಗುತ್ತದೆ. ಬೆರಳುದ್ದದ ಜೀವ, ತಾನು ದೊಡ್ಡದೆಂದು ಸುತ್ತಲಿನವರಿಗೆ ಹೇಳುತ್ತಿದೆ. ಹತ್ತಿರದಲ್ಲಿ ಇನ್ನೊಂದು ಗಂಡು ಇರಬೇಕು, ನನಗೆ ಕಾಣಲಿಲ್ಲ.

ನಾನು ಬಂದದ್ದು ಓತಿಗಾಗಿ ಅಲ್ಲ, ಈ ಗುಹೆಗಾಗಿ. ಗುಹೆ ಅನ್ನುವುದು ರೂಢಿಯ ಮಾತು. ನಿಜದಲ್ಲಿ ಇದು ಕಲ್ಲುಕ್ವಾರಿಯವರು ಕೊರೆದ ಸುರಂಗ. 1903ರಲ್ಲಿ ಯೂನಿಯನ್ ರಾಕ್ ಕಂಪನಿ ಇಲ್ಲಿ ಜಲ್ಲಿ ಒಡೆಯಲು ಶುರುಮಾಡಿತು. ಆ ಜಲ್ಲಿ ಊರಿನ ರಸ್ತೆಗಳಿಗೆ ಹೋಯಿತು. 1920ರ ದಶಕದ ಕೊನೆಗೆ ಕೆಲಸ ನಿಂತಿತು. ಉಳಿದದ್ದು ಬೋಳು ಬಂಡೆಯ ಗೋಡೆಗಳ ನಡುವಿನ ಒಂದು ಬಟ್ಟಲು, ಅದರ ಪಕ್ಕದಲ್ಲಿ ಈ ಚಿಕ್ಕ ಸುರಂಗ. ನೇರ ಎದುರು ನಿಂತರೆ ಆಚೆಯ ಬೆಳಕು ಈಚೆಗೆ ಕಾಣುತ್ತದೆ, ಗುಹೆಯ ಭ್ರಮೆ ಹೋಗುತ್ತದೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಬೆಳಕು ಮುಚ್ಚಿಕೊಂಡು ಬಾಯಿ ಕಪ್ಪಾಗುತ್ತದೆ; ಒಳಗೆ ಎಷ್ಟು ಆಳವೋ ಏನೋ ಅನ್ನಿಸುತ್ತದೆ. ಹಾಲಿವುಡ್ಡಿನ ಬಡ ನಿರ್ದೇಶಕರೆಲ್ಲ ಆ ನಾಲ್ಕು ಹೆಜ್ಜೆಯ ಗುಟ್ಟನ್ನು ಕಂಡುಕೊಂಡಿದ್ದರು. ಸ್ಟುಡಿಯೋಗಳಿಂದ ಕಾರಿನಲ್ಲಿ ಸ್ವಲ್ಪ ದೂರ ಬಂದರೆ ಬೇರೆ ಗ್ರಹ ಸಿಗುತ್ತಿತ್ತು. 1956ರ ‘ಇಟ್ ಕಾಂಕರ್ಡ್ ದಿ ವರ್ಲ್ಡ್’, 1959ರ ‘ಟೀನೇಜರ್ಸ್ ಫ್ರಮ್ ಔಟರ್ ಸ್ಪೇಸ್’, 1966ರ ಟಿವಿ ಬ್ಯಾಟ್‌ಮನ್ ಕಾರು ನುಗ್ಗಿ ಬರುವ ಗವಿ, ಎಲ್ಲವೂ ಇದೇ ಬಾಯಿ.

ಮಗಳ ಮನೆಗೆ ಮೂರು ತಿಂಗಳಿಗೆಂದು ಬಂದವನು ನಾನು. ತೀರ್ಥಹಳ್ಳಿಯ ಹಿತ್ತಿಲಲ್ಲಿ ನಲವತ್ತು ವರ್ಷ ಹಕ್ಕಿ, ಚಿಟ್ಟೆ ನೋಡಿಕೊಂಡು ಬಂದ ಅಭ್ಯಾಸ. ಇಲ್ಲೂ ಟಿಪ್ಪಣಿ ಪುಸ್ತಕ ಜೇಬಿನಲ್ಲೇ ಇರುತ್ತದೆ. ಒಂದು ಸಂಜೆ ಒಂಬತ್ತು ವರ್ಷದ ಮೊಮ್ಮಗ ಕಪ್ಪು-ಬಿಳುಪಿನ ಒಂದು ಸಿನಿಮಾ ಹಾಕಿಕೊಂಡು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. “ಅಜ್ಜಾ, ಬಾ, ಅಸ್ಥಿಪಂಜರ ಮಾತಾಡ್ತಿದೆ” ಅಂದ. ಕೂತೆ. ಹಳೆಯ ಚಿತ್ರವೆಂದುಕೊಂಡೆ. ಅರ್ಧ ಗಂಟೆಯಾದ ಮೇಲೆ ಏನೋ ಅನುಮಾನ. ಇಷ್ಟು ಸರಿಯಾಗಿ ಯಾರೂ ತಪ್ಪು ಮಾಡುವುದಿಲ್ಲ. ಮಗಳನ್ನು ಕೇಳಿದೆ. “ಅಪ್ಪಯ್ಯ, ಅದು ಹಳೇದಲ್ಲ. ಹಳೇ ಸಿನಿಮಾದ ಹಾಗೆ ಬೇಕಂತಲೇ ಕೆಟ್ಟದಾಗಿ ಮಾಡಿದ್ದು” ಅಂದಳು. ಆ ರಾತ್ರಿ ಟಿಪ್ಪಣಿ ಪುಸ್ತಕದಲ್ಲಿ ಹೊಸ ಪುಟ ತೆಗೆದು ‘ಅನುಕರಣೆ?’ ಎಂದು ಬರೆದೆ. ಆಮೇಲೆ ಮೂರು ವಾರ, ಹಗಲು ಕಣಿವೆಯಲ್ಲಿ, ರಾತ್ರಿ ಟಿವಿಯ ಮುಂದೆ.

ಅನುಕರಣೆಯನ್ನು ಅರಿಯಬೇಕಾದವನು ಮೊದಲು ಅಸಲನ್ನು ನೋಡಬೇಕು. ಅಸಲು ಹುಟ್ಟಿದ್ದೂ ಈ ಬಂಡೆಗಳ ನಡುವೆಯೇ. 1953ರ ‘ರೋಬೋಟ್ ಮಾನ್‌ಸ್ಟರ್’, ನಿರ್ದೇಶಕ ಫಿಲ್ ಟಕರ್. ನಾಲ್ಕು ದಿನದ ಚಿತ್ರೀಕರಣ, ಕೈಯಲ್ಲಿದ್ದ ಹಣ ಸುಮಾರು 16,000 ಡಾಲರ್. ಬೇರೆ ಲೋಕದ ಯಂತ್ರಮಾನವ ಬೇಕು, ಯಂತ್ರಮಾನವನ ವೇಷ ಹೊಲಿಸಲು ದುಡ್ಡಿಲ್ಲ. ಜಾರ್ಜ್ ಬ್ಯಾರೋಸ್ ಎಂಬ ನಟನ ಹತ್ತಿರ ಸ್ವಂತದ್ದೇ ಗೊರಿಲ್ಲಾ ವೇಷವಿತ್ತು. ಅದರ ತಲೆ ತೆಗೆದು, ಆ ಜಾಗದಲ್ಲಿ ಆಂಟೆನಾ ಸಿಕ್ಕಿಸಿದ ಗುಂಡು ಹೆಲ್ಮೆಟ್ ಇಟ್ಟರು. ರೋ-ಮ್ಯಾನ್ ತಯಾರಾದ. ಇದೋ ಈ ಗುಹೆಯ ಬಾಯಲ್ಲೇ ಮೇಜೊಂದನ್ನು ಹಾಕಿ ಅವನ ಯಂತ್ರವನ್ನು ಇಟ್ಟರು. ಅದರಿಂದ ಸೋಪಿನ ಗುಳ್ಳೆಗಳು ಬರುತ್ತಲೇ ಇರುತ್ತವೆ. ಭೂಮಿಯ ಮೇಲೆ ಉಳಿದ ಕೆಲವೇ ಜನರನ್ನು ಕೊಲ್ಲಬೇಕೆಂದು ಅವನಿಗೆ ಮೇಲಿನಿಂದ ಆಜ್ಞೆ. ಅವನು ಈ ಏರನ್ನು ಹತ್ತುತ್ತಾನೆ, ಇಳಿಯುತ್ತಾನೆ, ಮತ್ತೆ ಹತ್ತುತ್ತಾನೆ. ನಾನೂ ಅದೇ ಏರನ್ನು ಹತ್ತಿ ನೋಡಿದೆ. ಬಿಸಿಲಿನಲ್ಲಿ ಆ ಕೂದಲಿನ ವೇಷ ತೊಟ್ಟು ಹತ್ತಿದವನ ಬೆವರನ್ನು ನೆನೆದರೆ ನಗು ಬರುವುದಿಲ್ಲ. ಕೊಲ್ಲಬೇಕಾದ ಹುಡುಗಿಯ ಮೇಲೆಯೇ ಮನಸ್ಸಾಗಿ, ಆಜ್ಞೆಗೂ ಆಸೆಗೂ ನಡುವೆ ಅವನು ತೊಳಲುವ ದೃಶ್ಯವಿದೆ. ಮುಖ ಕಾಣದ ಹೆಲ್ಮೆಟ್ಟಿನೊಳಗಿನ ಆ ಸಂಕಟ ನನಗೆ ನಿಜವಾಗಿಯೇ ತಟ್ಟಿತು.

ಒಂದೇ ಒಂದು ಭಾಗವನ್ನು ನೋಡಲಾರದೆ ಎದ್ದುಹೋದೆ. ಡೈನೋಸಾರುಗಳು ಬೇಕಾದಾಗ 1940ರ ‘ಒನ್ ಮಿಲಿಯನ್ ಬಿ.ಸಿ.’ ಚಿತ್ರದ ತುಣುಕುಗಳನ್ನು ತಂದು ಸೇರಿಸಿದ್ದಾರೆ. ಅದರಲ್ಲಿ ಮರಿ ಮೊಸಳೆಯೊಂದರ ಬೆನ್ನಿಗೆ ಏನೋ ರೆಕ್ಕೆಯಂಥದ್ದನ್ನು ಅಂಟಿಸಿ, ದೊಡ್ಡ ಹಲ್ಲಿಯೊಂದರ ಜೊತೆ ಕಾದಾಡಲು ಬಿಟ್ಟಿದ್ದಾರೆ. ವೇಷ ಹಾಕಿಸಿಕೊಳ್ಳಲು ಅವು ಒಪ್ಪಿಗೆ ಕೊಟ್ಟ ಪ್ರಾಣಿಗಳಲ್ಲ.

ಈಗ ಅನುಕರಣೆ. ಹೆಸರು ‘ದಿ ಲಾಸ್ಟ್ ಸ್ಕೆಲಿಟನ್ ಆಫ್ ಕಡಾವ್ರಾ’, 2001ರಲ್ಲಿ ತಯಾರಾಗಿ 2004ರಲ್ಲಿ ಥಿಯೇಟರಿಗೆ ಬಂದ ಚಿತ್ರ. ಬರೆದು, ನಿರ್ದೇಶಿಸಿ, ನಾಯಕ ವಿಜ್ಞಾನಿಯ ಪಾತ್ರವನ್ನೂ ಮಾಡಿದವರು ಲ್ಯಾರಿ ಬ್ಲಮೈರ್. ಖರ್ಚು ಒಂದು ಲಕ್ಷ ಡಾಲರಿಗೂ ಕಡಿಮೆ. ಡಿಜಿಟಲ್ ವಿಡಿಯೊದಲ್ಲಿ ಚಿತ್ರೀಕರಿಸಿ ಕಪ್ಪು-ಬಿಳುಪಿಗೆ ತಿರುಗಿಸಿದರು. ಹಿನ್ನೆಲೆಗೆ ಹಳೆಯ ಕಾಲದ ಸಿದ್ಧ ಸಂಗೀತವನ್ನು ಕೂಡಿಸಿದರು. ಗುಹೆ ಇದೇ. ರೋ-ಮ್ಯಾನ್ ಗುಳ್ಳೆಯಂತ್ರ ಇಟ್ಟುಕೊಂಡಿದ್ದ ಈ ಕಣಿವೆಗೇ ಅರ್ಧ ಶತಮಾನದ ಮೇಲೆ ಒಂದು ಅಸ್ಥಿಪಂಜರವನ್ನು ತಂದರು. ಅದೇ ಬೆಟ್ಟವಾದರೇ ಅದೇ ರುಚಿ ಎಂದು ಅವರಿಗೆ ಗೊತ್ತಿದ್ದಿರಬೇಕು.

ಅಸ್ಥಿಪಂಜರವನ್ನು ಹತ್ತಿರದಿಂದ ನೋಡಬೇಕು. ನಾನು ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ಇದು ಲೋಕವನ್ನೇ ಆಳಲು ಹೊರಟ ದುಷ್ಟಶಕ್ತಿ. ಬಾಯಿ ಅಲ್ಲಾಡುವುದಿಲ್ಲ, ಮನಸ್ಸಿನಿಂದಲೇ ಮಾತಾಡುತ್ತದೆ, ಅಧಿಕಾರದ ದಪ್ಪ ದನಿ. ಆದರೆ ಒಂದು ಹೆಜ್ಜೆ ಇಡಬೇಕಾದರೆ ದಾರ ಎಳೆಯುವವರು ಬೇಕು, ಆ ದಾರ ನಮಗೆ ಕಾಣುತ್ತದೆ. ಕಾಲು ನೆಲಕ್ಕೆ ಮೊದಲು ತಾಗುವುದಿಲ್ಲ. ಸೊಂಟ ಮುಂದೆ ಹೋಗುತ್ತದೆ, ಕಾಲು ಆಮೇಲೆ ತೂಗಾಡುತ್ತ ಬರುತ್ತದೆ. ಕೊನೆಯಲ್ಲಿ ದೈತ್ಯಜೀವಿಯೊಂದು ಇದರ ಜೊತೆ ಹೋರಾಡುತ್ತದೆ. ಅಂದರೆ ರಬ್ಬರು ವೇಷದೊಳಗಿನ ನಟ ಒಂದು ಹಗುರ ಎಲುಬಿನ ಗೊಂಬೆಯನ್ನು ತಬ್ಬಿ ಹಿಡಿದು, ತಾನೇ ಅದರ ಕೈಯನ್ನು ತನ್ನ ಕುತ್ತಿಗೆಗೆ ಒತ್ತಿಕೊಂಡು, ತಾನೇ ಒದ್ದಾಡಬೇಕು. ಅವನ ಭುಜ ನೋಡಿ. ಗೊಂಬೆಗೆ ಇಲ್ಲದ ಭಾರವನ್ನೆಲ್ಲ ಆ ಭುಜ ಹೊತ್ತಿದೆ. ಒಳ್ಳೆಯ ಸೆಣಸಾಟಕ್ಕೆ ಇಬ್ಬರು ಬೇಕು. ಇಲ್ಲಿ ಒಬ್ಬನೇ ಇಬ್ಬರ ಪಾಲು ದುಡಿದಿದ್ದಾನೆ.

ಊಟದ ಮೇಜಿನ ದೃಶ್ಯವನ್ನು ನಾನು ಬೇರೆ ಪುಟದಲ್ಲಿ ಬರೆದುಕೊಂಡಿದ್ದೇನೆ. ಕಾಡಿನ ಮನೆಯಲ್ಲಿ ವಿಜ್ಞಾನಿ, ಅವನ ಹೆಂಡತಿ. ಅತಿಥಿಗಳಲ್ಲಿ ಒಬ್ಬ ಸಜ್ಜನನ ಸೋಗಿನ ದುಷ್ಟ. ಇನ್ನಿಬ್ಬರು ಮಾರ್ವಾ ಗ್ರಹದ ಗಂಡ ಹೆಂಡತಿ, ಮನುಷ್ಯರ ರೂಪ ತೊಟ್ಟು ಬಂದವರು. ಮತ್ತೊಬ್ಬಳು ಅನಿಮಾಲಾ, ಕಾಡಿನ ನಾಲ್ಕು ಪ್ರಾಣಿಗಳನ್ನು ಯಂತ್ರದಿಂದ ಬೆರೆಸಿ ಮಾಡಿದ ಹೆಂಗಸು. ಆರು ಜನರ ಮೇಜಿನಲ್ಲಿ ನಾಲ್ಕು ಜನ ವೇಷಧಾರಿಗಳು, ಪ್ರತಿಯೊಬ್ಬರೂ ತಾವು ಅಸಲೆಂದು ಇತರರನ್ನು ನಂಬಿಸಲು ಹೆಣಗುತ್ತಿದ್ದಾರೆ. ಅನಿಮಾಲಾಳಾಗಿ ಜೆನಿಫರ್ ಬ್ಲೇರ್ ತಟ್ಟೆಗೆ ನೇರ ಮುಖ ಹಾಕುತ್ತಾಳೆ. ಮನೆಯ ಬೆಕ್ಕಿಗೆ ಮೀನು ಹಾಕಿದವರು ಆ ಕತ್ತನ್ನು ಗುರುತಿಸುತ್ತಾರೆ. ದೇಹ ಕುರ್ಚಿಯ ಮೇಲಿದೆ, ಗಮನ ಮಾತ್ರ ಪೂರ್ತಿ ಕಾಡಿನದು. ಆಕೆ ಒಮ್ಮೆಯೂ ನಮ್ಮ ಕಡೆ ನೋಡಿ ‘ನಗುತ್ತಿದ್ದೀರಾ?’ ಎಂದು ಕೇಳುವ ಕಣ್ಣು ಮಾಡುವುದಿಲ್ಲ. ಇಡೀ ಚಿತ್ರದಲ್ಲಿ ಯಾರೂ ಮಾಡುವುದಿಲ್ಲ. ನನ್ನ ಮಟ್ಟಿಗೆ ಆ ಶಿಸ್ತೇ ಈ ಚಿತ್ರದ ದೊಡ್ಡ ಕೆಲಸ.

ನಮ್ಮ ಹಿತ್ತಿಲಿನ ಮಾತು ಇಲ್ಲಿ ಬರಬೇಕು. ಕ್ರಿಮ್ಸನ್ ರೋಸ್ ಎಂಬ ಚಿಟ್ಟೆಯ ಮರಿಹುಳ ಈಶ್ವರಿ ಬಳ್ಳಿಯನ್ನು ತಿಂದು ಬೆಳೆಯುತ್ತದೆ. ಬಳ್ಳಿಯ ವಿಷ ಚಿಟ್ಟೆಯ ಮೈಗೂ ಇಳಿದು ಹಕ್ಕಿಗಳಿಗೆ ಅದು ಬೇಡವಾಗುತ್ತದೆ. ಕಾಮನ್ ಮಾರ್ಮನ್ ಚಿಟ್ಟೆ ಬೆಳೆಯುವುದು ನಿಂಬೆ, ಕರಿಬೇವಿನ ಮೇಲೆ, ಅದಕ್ಕೆ ವಿಷವಿಲ್ಲ. ಅದರ ಹೆಣ್ಣುಗಳಲ್ಲಿ ಕೆಲವು ಥೇಟ್ ಕ್ರಿಮ್ಸನ್ ರೋಸ್ ವೇಷದಲ್ಲಿ ಬರುತ್ತವೆ: ಕಪ್ಪು ರೆಕ್ಕೆ, ಬಿಳಿ ಪಟ್ಟೆ, ಹಿಂದೆ ಕೆಂಪು ಬೊಟ್ಟು. ಹಾರುವ ಗತ್ತೂ ಅದೇ, ನನ್ನನ್ನು ಯಾರು ತಿನ್ನುತ್ತೀರಿ ಎಂಬ ನಿಧಾನ. ಇಂಥ ಅನುಕರಣೆಯನ್ನು ಮೊದಲು ವಿವರಿಸಿದ ಹೆನ್ರಿ ವಾಲ್ಟರ್ ಬೇಟ್ಸ್ ಅಮೆಜಾನ್ ಕಾಡಿನಲ್ಲಿ 11 ವರ್ಷ ಕಳೆದವರು; ಅವರ ಪ್ರಬಂಧ ಅಚ್ಚಾದದ್ದು 1862ರಲ್ಲಿ. ಎರಡನ್ನೂ ಬೇರೆ ಮಾಡುವ ಗುರುತು ಒಂದಿದೆ. ಅಸಲಿನ ಮೈ ಕೆಂಪು, ಅನುಕರಣೆಯದು ಕಪ್ಪು. ರೆಕ್ಕೆಯನ್ನಷ್ಟೇ ನೋಡಿದರೆ ಮೋಸಹೋಗುತ್ತೇವೆ, ಮೈ ನೋಡಬೇಕು.

ಹಾಗಾದರೆ ಸಿನಿಮಾದ ಮೈ ಯಾವುದು? ಮೂರು ವಾರ ಹುಡುಕಿದ್ದು ಇದನ್ನೇ. ಸಂಭಾಷಣೆಯೂ ಅಲ್ಲ, ವೇಷವೂ ಅಲ್ಲ; ಅವು ರೆಕ್ಕೆಗಳು. ನನಗೆ ಸಿಕ್ಕ ಗುರುತು ಕಾಲದ್ದು. ರೋ-ಮ್ಯಾನ್ ಗುಡ್ಡ ಹತ್ತುವುದು ಚಿತ್ರದ ಉದ್ದ ತುಂಬಬೇಕಾದ್ದರಿಂದ. ಎಲ್ಲಿ ನಿಲ್ಲಬೇಕೆಂಬುದು ಅವನಿಗೂ ತಿಳಿಯದು, ಟಕರ್‌ಗೂ ತಿಳಿಯದು. ಬ್ಲಮೈರ್‌ ಅವರ ಪಾತ್ರಗಳು ಒಂದೇ ವಿಷಯವನ್ನು ಒಂದೇ ಉಸಿರಿನಲ್ಲಿ ಎರಡು ಸಲ ಹೇಳುತ್ತವೆ, ತಡೆಯುತ್ತವೆ, ಮತ್ತೊಂದು ಸಲ ಹೇಳುತ್ತವೆ, ಇನ್ನೇನು ಬೇಸರ ಬಂತು ಅನ್ನುವ ಅಂಚಿನಲ್ಲಿ ನಿಲ್ಲಿಸುತ್ತವೆ. ಮಗಳ ಮನೆಯ ಎದುರಿನ ತಂತಿಯ ಮೇಲೆ ಒಂದು ಮಾಕಿಂಗ್‌ಬರ್ಡ್ ಬೆಳಿಗ್ಗೆಯೆಲ್ಲ ಹಾಡುತ್ತದೆ. ಬೇರೆ ಹಕ್ಕಿಗಳ ಕೂಗು, ಒಮ್ಮೊಮ್ಮೆ ಕಾರಿನ ಅಲಾರಾಂ ಕೂಡ. ಕಣ್ಣಿಗೆ ಕಾಣದಿದ್ದರೂ ಅದೇ ಎಂದು ಹೇಳಬಹುದು, ಏಕೆಂದರೆ ಕದ್ದ ಒಂದೊಂದು ತುಣುಕನ್ನೂ ಮೂರು ನಾಲ್ಕು ಸಲ ಹಾಡಿ ಮುಂದಿನದಕ್ಕೆ ಹೋಗುತ್ತದೆ. ಅಸಲು ಹಕ್ಕಿಗೆ ಆ ಲೆಕ್ಕವಿಲ್ಲ. ನಮ್ಮ ಕಡೆ ಯಕ್ಷಗಾನದಲ್ಲಿ ಹಾಸ್ಯಗಾರ ರಾಜವೇಷದವನ ಹಿಂದೆಯೇ ಅವನ ಕುಣಿತವನ್ನು ಕೆಡಿಸಿ ಕುಣಿಯುವುದುಂಟು. ಚಂಡೆಯವನಿಗೆ ಗೊತ್ತು, ತಾಳ ಬಾರದವನಿಗೆ ಹಾಗೆ ತಾಳ ತಪ್ಪಲು ಬರುವುದಿಲ್ಲ. ಬ್ಲಮೈರ್ ಈ ಹಳೆಯ ಚಿತ್ರಗಳನ್ನು ಎಷ್ಟು ಸಲ, ಎಷ್ಟು ಪ್ರೀತಿಯಿಂದ ನೋಡಿರಬೇಕು! ತಾತ್ಸಾರ ಮಾಡುವವನು ಇಷ್ಟು ಹೊತ್ತು ನೋಡುತ್ತ ಕೂರುವುದಿಲ್ಲ.

ಆದರೆ ಒಂದು ತೊಡಕು ಇದೆ, ನಾನು ಇನ್ನೂ ಬಿಡಿಸಿಲ್ಲ. ಚಿಟ್ಟೆಯ ವೇಷ ಫಲಿಸಬೇಕಾದರೆ ಹಕ್ಕಿ ಮೊದಲು ಅಸಲನ್ನು ಕಚ್ಚಿ ಉಗುಳಿರಬೇಕು. ಮೊಮ್ಮಗ ಅಸಲನ್ನು ನೋಡಿಯೇ ಇರಲಿಲ್ಲ. ಆದರೂ ಅಸ್ಥಿಪಂಜರಕ್ಕೆ ನಕ್ಕ, ಅನಿಮಾಲಾಳ ಹಾಗೆ ತಟ್ಟೆಗೆ ಮುಖ ಹಾಕಿ ಅಮ್ಮನಿಂದ ಬೈಸಿಕೊಂಡ. ಕೇಳಿದೆ, ಯಾಕೆ ನಗು ಬಂತು ಅಂತ. “ಅವರು ಎಷ್ಟು ಟ್ರೈ ಮಾಡ್ತಿದಾರೆ ನೋಡಜ್ಜ” ಅಂದ. ಅದನ್ನು ಹಾಗೆಯೇ ಬರೆದಿಟ್ಟುಕೊಂಡಿದ್ದೇನೆ.

ಈ ಜಾತಿಯ ಬೇರೆ ಮಾದರಿಗಳನ್ನೂ ನೋಡಿದೆ. 1978ರ ‘ಅಟ್ಯಾಕ್ ಆಫ್ ದಿ ಕಿಲ್ಲರ್ ಟೊಮೇಟೋಸ್’ ಹೆಸರುವಾಸಿ. ಟೊಮೇಟೊಗಳು ಮನುಷ್ಯರ ಮೇಲೆ ಬೀಳುವ ಕತೆ. ಚಿತ್ರೀಕರಣದಲ್ಲಿ ಹೆಲಿಕಾಪ್ಟರ್ ನಿಜವಾಗಿಯೂ ನೆಲಕ್ಕೆ ಬಿದ್ದದ್ದು ಅದರಲ್ಲಿ ಹಾಗೇ ಉಳಿದಿದೆ. ನನಗೆ ಅದು ಹೆಚ್ಚು ಹೊತ್ತು ಹಿಡಿಸಲಿಲ್ಲ. ನಗಿಸುವ ಅವಸರ ಜಾಸ್ತಿ.

ಮನಸ್ಸಿನಲ್ಲಿ ಕೂತದ್ದು 1974ರ ‘ಡಾರ್ಕ್ ಸ್ಟಾರ್’. ಇದೇ ಊರಿನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಜಾನ್ ಕಾರ್ಪೆಂಟರ್ ಮತ್ತು ಡ್ಯಾನ್ ಒಬ್ಯಾನನ್ 1970ರಲ್ಲಿ ಶುರುಮಾಡಿ, ಸುಮಾರು 60,000 ಡಾಲರಿನಲ್ಲಿ ಮುಗಿಸಿದ್ದು. ಅಂತರಿಕ್ಷ ನೌಕೆಯ ಗುಂಡಿಗಳನ್ನು ಹತ್ತಿರದಿಂದ ನೋಡಿದರೆ ಐಸ್ ಟ್ರೇ, ಕೆಳಗಿನಿಂದ ದೀಪ. ಗಗನಯಾತ್ರಿಯ ಎದೆಯ ಮೇಲಿನ ಫಲಕ ಮಫಿನ್ ಬೇಯಿಸುವ ತಟ್ಟೆ, ನಮ್ಮ ಪಡ್ಡಿನ ಕಾವಲಿಯ ಜಾತಿಯದೇ. ಬೆನ್ನಿನ ಚೀಲ ಥರ್ಮಾಕೋಲು. ನೌಕೆಯಲ್ಲಿ ಸಾಕಿದ ಅನ್ಯಲೋಕದ ಪ್ರಾಣಿ ಒಂದು ಬೀಚ್ ಬಾಲ್. ಬಣ್ಣ ಬಳಿದು ಕೆಳಗೆ ಎರಡು ಉಗುರಿನ ಪಾದ ಅಂಟಿಸಿದ್ದಾರೆ. ಅದಕ್ಕೆ ಕಣ್ಣಿಲ್ಲ, ಮುಖವಿಲ್ಲ. ಆದರೂ ಪುಟಿಯುವುದನ್ನು ನಿಲ್ಲಿಸಿ ಒಂದು ಕ್ಷಣ ಸುಮ್ಮನಿದ್ದರೆ ಏನೋ ಯೋಚಿಸುತ್ತಿದೆ ಅನ್ನಿಸುತ್ತದೆ. ಹೆದರಿದ ಪ್ರಾಣಿಯೂ ಹೆದರಿಸುವ ಪ್ರಾಣಿಯೂ ಮೊದಲು ಮಾಡುವುದು ಅದನ್ನೇ, ಸುಮ್ಮನಾಗುವುದನ್ನು. ಲಿಫ್ಟಿನ ಕೆಳಗೆ ಸಿಕ್ಕಿಕೊಂಡ ನಾವಿಕನ ಪಾತ್ರದಲ್ಲಿ ಸ್ವತಃ ಒಬ್ಯಾನನ್ ಒದ್ದಾಡುತ್ತಾರೆ, ಚೆಂಡು ಅವರನ್ನು ಕಾಡುತ್ತದೆ. ಐದು ವರ್ಷಗಳ ಮೇಲೆ ಅದೇ ಒಬ್ಯಾನನ್ ಬರೆದ ಚಿತ್ರಕತೆಯಿಂದ 1979ರ ‘ಏಲಿಯನ್’ ಬಂತು. ನೌಕೆಯ ಇಕ್ಕಟ್ಟು, ಒಳಗೆ ತಪ್ಪಿಸಿಕೊಂಡ ಪ್ರಾಣಿ, ಹುಡುಕಿ ಹೊರಟ ನಾವಿಕ. ಚೆಂಡಿನ ಜಾಗದಲ್ಲಿ ಜೊಲ್ಲು ಸುರಿಸುವ ಹಲ್ಲು.

ಕರಿಬೇವಿನ ಎಲೆಯ ಮೇಲೆ ಮಾರ್ಮನ್ ಚಿಟ್ಟೆಯ ಎಳೆಯ ಮರಿಹುಳ ಕೂತಿರುವುದನ್ನು ನೋಡಿದವರಿಗೆ ಗೊತ್ತು, ಅದು ಹಕ್ಕಿಯ ಹಿಕ್ಕೆಯ ಹಾಗಿರುತ್ತದೆ. ಕಂದು ಮೈ, ನಡುವೆ ಬಿಳಿ ಬಳಿದಂತೆ, ಈಗಷ್ಟೇ ಬಿದ್ದದ್ದು ಎಂಬ ಹಸಿ ಹೊಳಪು. ಇಷ್ಟು ಅಸಹ್ಯವಾಗಿ ಕಾಣುವುದಕ್ಕೆ ಇಷ್ಟು ಕುಸುರಿ ಕೆಲಸ! ಹಲವು ಸಲ ಪೊರೆ ಬಿಟ್ಟು ದಪ್ಪವಾದ ಮೇಲೆ ಆ ವೇಷವನ್ನು ಕಳಚಿ ಎಲೆಹಸಿರಾಗುತ್ತದೆ. ಕಾರಣ ಸುಲಭ: ಅಷ್ಟು ದೊಡ್ಡ ಹಿಕ್ಕೆ ಹಾಕುವ ಹಕ್ಕಿ ಆ ಗಿಡದಲ್ಲಿ ಕೂರುವುದಿಲ್ಲ. ಬೇಕೆಂದೇ ಕೆಟ್ಟದಾಗಿರುವ ಸಿನಿಮಾಕ್ಕೂ ಇಂಥದೊಂದು ಅಳತೆ ಇದೆಯೆಂದು ನನ್ನ ಅನಿಸಿಕೆ. 1996ರಲ್ಲಿ ಟಿಮ್ ಬರ್ಟನ್ ಮಾಡಿದ ‘ಮಾರ್ಸ್ ಅಟ್ಯಾಕ್ಸ್!’ ಹಳೆಯ ಸಿನಿಮಾಗಳ ಹಾರುವ ತಟ್ಟೆಗಳಿಗೆ, ದೊಡ್ಡ ಮಿದುಳಿನ ಮಂಗಳ ಗ್ರಹದವರಿಗೆ ಸಲ್ಲಿಸಿದ ಪ್ರೀತಿಯ ಕಾಣಿಕೆ. ಕೋಟಿಗಟ್ಟಲೆ ಡಾಲರು, ದೊಡ್ಡ ತಾರೆಯರು. ಚೆನ್ನಾಗಿದೆ, ನಕ್ಕಿದ್ದೇನೆ. ಆದರೆ ಅಲ್ಲಿ ಎಲ್ಲವನ್ನೂ ಕೊಳ್ಳಲು ದುಡ್ಡಿತ್ತು. ಮಫಿನ್ ತಟ್ಟೆಯನ್ನು ಎದೆಗೆ ಕಟ್ಟಿಕೊಳ್ಳಲೇಬೇಕಾದ ಹುಡುಗನ ಬಿಗಿ ಮುಖ ಅಲ್ಲಿ ಸಿಗುವುದಿಲ್ಲ. ಕೈ ಖಾಲಿಯಿದ್ದವನು ಹೊಳೆಸಿಕೊಂಡ ಉಪಾಯದಲ್ಲಿ ಒಂದು ಬಿಸಿ ಇರುತ್ತದೆ, ಅದಕ್ಕಾಗಿಯೇ ನಾನು ಈ ಚಿಕ್ಕ ಚಿತ್ರಗಳ ಕಡೆ ವಾಲುತ್ತೇನೆ.

ಏಪ್ರಿಲ್ ಮೊದಲ ವಾರ, ಬೆಳಿಗ್ಗೆ 10.30. ಮತ್ತೆ ಕಣಿವೆ. ಗುಹೆಯ ಮುಂದೆ ನಾಲ್ಕು ಜನ ಕಾಲೇಜು ಹುಡುಗ ಹುಡುಗಿಯರು. ಒಬ್ಬ ರಟ್ಟಿನ ಪೆಟ್ಟಿಗೆಯೊಳಗೆ ನಿಂತಿದ್ದಾನೆ, ಪೆಟ್ಟಿಗೆಗೆ ಬೆಳ್ಳಿ ಬಣ್ಣ. ಒಬ್ಬಳ ಕೈಯಲ್ಲಿ ಫೋನು, ಅದೇ ಕ್ಯಾಮೆರಾ. ಅಲ್ಯೂಮಿನಿಯಂ ತಟ್ಟೆ ಎರಡನ್ನು ಒಂದರ ಮೇಲೊಂದು ಬೋರಲಾಗಿ ಅಂಟಿಸಿ ಹಾರುವ ತಟ್ಟೆ ಮಾಡಿದ್ದಾರೆ. ಅದನ್ನು ಉದ್ದ ಕೋಲಿನಿಂದ ಇಳಿಬಿಡಬೇಕು. ಕೋಲು ಹಿಡಿಯಬೇಕಾದವನು ಬಂದಿಲ್ಲವಂತೆ. ಬೈನಾಕ್ಯುಲರ್ ಹಾಕಿಕೊಂಡು ಸುಮ್ಮನೆ ಕೂತಿದ್ದ ನನ್ನನ್ನು ಹುಡುಗಿ ಬಂದು ಕೇಳಿದಳು. ಒಪ್ಪಿದೆ. ಗುಹೆಯ ಪಕ್ಕದ ಮೆಟ್ಟಿಲಿನಂಥ ಬಂಡೆಯ ಮೇಲೆ ನಿಂತು ಕೋಲು ಚಾಚಿದೆ. ಹಕ್ಕಿ ನೋಡುವವನ ಕೈ. ಅಲ್ಲಾಡದ ಹಾಗೆ ಗಂಟೆಗಟ್ಟಲೆ ಹಿಡಿಯುವ ಅಭ್ಯಾಸ. ತಟ್ಟೆ ನೀರಿನ ಮೇಲೆ ತೇಲಿದಂತೆ ನೇರ ಹೋಯಿತು.

ಹುಡುಗಿ ಫೋನು ಇಳಿಸಿದಳು. “ಸರ್, ತುಂಬ ಚೆನ್ನಾಗಿ ಹಾರಿಸಿಬಿಟ್ಟಿರಿ” ಅಂದಳು. “ಸ್ವಲ್ಪ ನಡುಗಬೇಕು. ದಾರ ಕೂಡ ಕಾಣಬೇಕು.”

ಕಾಣಲೆಂದೇ ಅವಳು ಮೀನುಗಾಳದ ದಾರ ಬಿಟ್ಟು ಬಿಳಿ ಹತ್ತಿ ದಾರ ತಂದಿದ್ದಳು. ಎಷ್ಟು ನಡುಗಬೇಕು ಎಂದು ಕೇಳಿದೆ. ಅವಳು ನಗಲಿಲ್ಲ, ಬಂಡೆ ಹತ್ತಿ ಬಂದು, ನನ್ನ ಕೈಯ ಮೇಲೆ ಕೈಯಿಟ್ಟು ಎರಡು ಸಲ ತೋರಿಸಿಕೊಟ್ಟಳು. ಎಡಕ್ಕೆ ವಾಲಿ, ತಡೆದು, ಒಂದು ಅರೆಸುತ್ತು. ಎರಡನೇ ಸಲಕ್ಕೆ ಆಗಲಿಲ್ಲ. ಮೂರನೆಯದಕ್ಕೆ ಮೇಲೊಂದು ವಿಮಾನದ ಸದ್ದು ಬಂತು, ಎಲ್ಲರೂ ಕಾದೆವು. ನಾಲ್ಕನೆಯದು ಅವಳಿಗೆ ಒಪ್ಪಿಗೆಯಾಯಿತು.

11.20. ತಟ್ಟೆಯ ನೆರಳು ಎದೆಯೆತ್ತರದ ಬಂಡೆಯ ಮೇಲೆ ಹಾಯಿತು. ದಂಡ ಹೊಡೆಯುತ್ತಿದ್ದ ಓತಿ ಮೈ ಚಪ್ಪಟೆ ಮಾಡಿ ಕಲ್ಲಿಗೆ ಅಂಟಿತು, ಮರುಕ್ಷಣ ಬಿರುಕಿನೊಳಗೆ ನುಗ್ಗಿತು. ಒಂಬತ್ತು ನಿಮಿಷ ಹೊರಗೆ ಬರಲಿಲ್ಲ.